ಫೋಟೋ ಎಡಿಟಿಂಗ್‌ಗೆ ಗೇಮಿಂಗ್ ಲ್ಯಾಪ್‌ಟಾಪ್ ಯಾಕೆ?

ಮಾನ್ಯ ಸಂಪಾದಕರೇ,

ಹಬ್ಬ ಬಂತೆಂದರೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಲ್ಯಾಪ್‌ಟಾಪ್ ಜಾಹೀರಾತು. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿ, ತಿಂಗಳಿಗೆ ಇಎಂಐ ಎಷ್ಟು, ಎಲ್ಲವೂ ದಪ್ಪ ಅಕ್ಷರದಲ್ಲಿ ಇರುತ್ತದೆ. ಸ್ಕ್ರೀನ್ ಬಗ್ಗೆ ಮಾತ್ರ ‘15.6 ಇಂಚು, ಫುಲ್ ಎಚ್‌ಡಿ’ ಅಂತ ಬರೆದು ಮುಗಿಸುತ್ತಾರೆ. ಫೋಟೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವರಿಗೆ ಮೊದಲು ಗೊತ್ತಾಗಬೇಕಾದದ್ದೇ ಅಲ್ಲಿ ಇಲ್ಲ.

ನಾನು ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ನಾಮಕರಣ, ಗೃಹಪ್ರವೇಶ, ನಡುನಡುವೆ ಪಾಸ್‌ಪೋರ್ಟ್ ಫೋಟೋ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರು ‘ಅಣ್ಣ, ಎಡಿಟಿಂಗ್‌ಗೆ ಯಾವ ಸಿಸ್ಟಮ್ ತಗೊಳ್ಳಲಿ’ ಅಂತ ಕೇಳಿಕೊಂಡು ಬರುತ್ತಾರೆ. ಆದರೆ ಬರುವಷ್ಟರಲ್ಲೇ ಕೀಬೋರ್ಡ್ ಕೆಳಗೆ ಬಣ್ಣದ ಲೈಟು ಮಿನುಗುವ ಗೇಮಿಂಗ್ ಲ್ಯಾಪ್‌ಟಾಪ್ ಮನಸ್ಸಿನಲ್ಲಿ ಗಟ್ಟಿಯಾಗಿರುತ್ತದೆ, ನನ್ನಿಂದ ಒಂದು ‘ಹೂಂ’ ಬೇಕಾಗಿರುತ್ತದೆ, ಅಷ್ಟೇ. ಎಪ್ಪತ್ತು, ಎಂಬತ್ತು ಸಾವಿರ ಸಾಲ. ಕ್ಯಾಮೆರಾ ಸಾಲ ಇನ್ನೂ ತೀರಿರುವುದಿಲ್ಲ.

ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೋಗಿರುತ್ತದೆ. ಉಳಿಸಿರುವುದು ಸ್ಕ್ರೀನ್‌ನಲ್ಲಿ. 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ವೇಗ) ಅಂತ ಹೆಮ್ಮೆಯಿಂದ ಹಾಕಿರುತ್ತಾರೆ, ಆಟ ಆಡುವವರಿಗೆ ಅದು ಬೇಕು ಸರಿ, ಧಾರೆಗೆ ತಲೆತಗ್ಗಿಸಿ ಕೂತ ಮದುಮಗಳ ಫೋಟೋಗೆ ಅದರಿಂದ ಏನಾಗಬೇಕು? ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಹುಡುಕಿದರೆ ಕೆಳಗೆಲ್ಲೋ ‘45% ಎನ್‌ಟಿಎಸ್‌ಸಿ’ ಅಂತ ಇರುತ್ತದೆ, ಸ್ಕ್ರೀನ್ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಅಳತೆ ಅದು. ಲ್ಯಾಬಿನವರು ಪ್ರಿಂಟಿಗೆ ಸಾಮಾನ್ಯವಾಗಿ ಕೇಳುವುದು ಎಸ್‌ಆರ್‌ಜಿಬಿ ಫೈಲು, ಅಂದರೆ ಸ್ಕ್ರೀನ್, ಪ್ರಿಂಟುಗಳಿಗೆ ಮಾಮೂಲಾಗಿ ಬಳಸುವ ಬಣ್ಣಗಳ ಒಂದು ನಿಗದಿತ ವ್ಯಾಪ್ತಿಯದ್ದು. ಆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಇಂಥ ಸ್ಕ್ರೀನ್ ತೋರಿಸುವುದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಬಣ್ಣ ಫೈಲಿನಲ್ಲಿ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಆಮೇಲೆ ಏನಾಗುತ್ತದೆ ಅಂದರೆ, ಬಣ್ಣ ಸಪ್ಪೆ ಕಾಣುತ್ತಿದೆಯಲ್ಲ ಅಂತ ಹುಡುಗ ಸ್ಯಾಚುರೇಶನ್ (ಬಣ್ಣದ ಗಾಢತೆ) ಜಾಸ್ತಿ ಮಾಡುತ್ತಾನೆ. ಅವನ ಸ್ಕ್ರೀನ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆಲ್ಬಮ್ ಬಂದ ಮೇಲೆ ನೋಡಿದರೆ ಅರಿಶಿನ ಶಾಸ್ತ್ರದ ಫೋಟೋದಲ್ಲಿ ಹುಡುಗಿಗೆ ಕಾಮಾಲೆ ಬಂದ ಹಾಗಿರುತ್ತದೆ, ಕೆಂಪು ರೇಷ್ಮೆ ಸೀರೆಯ ನೆರಿಗೆಗಳೆಲ್ಲ ಸೇರಿಕೊಂಡು ಒಂದೇ ಕೆಂಪು ಪಟ್ಟಿ. ಸೀರೆಗೆ ಅಷ್ಟು ದುಡ್ಡು ಕೊಟ್ಟವರು ಸುಮ್ನೆ ಇರುತ್ತಾರಾ? ಬೈಗುಳ ಲ್ಯಾಬಿನವನಿಗೆ. ಪಾಪ, ಅವನು ಕಳಿಸಿದ್ದನ್ನು ಪ್ರಿಂಟ್ ಹಾಕಿದ್ದಾನೆ.

ಹಾಗಾಗಿ ನಾನು ಹೇಳುವುದು ಇಷ್ಟೆ. ಮೊದಲು ಮಾನಿಟರ್ ಆರಿಸಿ, ಉಳಿದ ದುಡ್ಡಿನಲ್ಲಿ ಕಂಪ್ಯೂಟರ್ ನೋಡಿ. 24 ಇಂಚಿನ ಐಪಿಎಸ್ ಮಾನಿಟರ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಸ್ಕ್ರೀನ್), ಎಸ್‌ಆರ್‌ಜಿಬಿ ನೂರಕ್ಕೆ ಹತ್ತಿರ ಇರುವಂಥದ್ದು, ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಫೋಟೋ ಒಯ್ಯಿರಿ. ಅದರಲ್ಲಿ ಕೆಂಪು ಸೀರೆ ಇರಲಿ, ಕಪ್ಪು ಕೋಟು ಇರಲಿ. ಅದನ್ನು ತೆರೆದು ಪಕ್ಕಕ್ಕೆ ಸರಿದು ನೋಡಿ, ಬಗ್ಗಿಯೂ ನೋಡಿ. ಕೋಟು ಬೂದಿ ಬಣ್ಣಕ್ಕೆ ತಿರುಗಿತೋ, ಆ ಮಾನಿಟರ್ ಬೇಡ. ಅಂಗಡಿಯವನು ಸದಾ ಹಾಕಿಟ್ಟಿರುವ ಗಿಳಿ, ಹೂವಿನ ವಿಡಿಯೋ ನೋಡಿ ಮರುಳಾಗಬೇಡಿ. ಅದು ಎಂಥ ಸ್ಕ್ರೀನ್‌ನಲ್ಲೂ ಚೆಂದವೇ.

ಇನ್ನು ರ‍್ಯಾಮ್. ಕೆಲಸ ನಡೆಯುವಾಗ ಫೈಲುಗಳನ್ನು ಹಿಡಿದಿಟ್ಟುಕೊಳ್ಳುವ ಮೆಮೊರಿ ಇದು. ನಮ್ಮ ಕಡೆ ಮದುವೆ ಆಲ್ಬಮ್ ಅಂದರೆ ಈಗ 12x36 ಇಂಚು. ಇಂಚಿಗೆ 300 ಪಿಕ್ಸೆಲ್ ಹಿಡಿದರೆ ಒಂದು ಶೀಟಿಗೆ 10,800 ಗುಣಿಸು 3,600, ಅಂದರೆ 3 ಕೋಟಿ 88 ಲಕ್ಷದ ಮೇಲೆ ಪಿಕ್ಸೆಲ್. ಒಂದೊಂದಕ್ಕೆ 3 ಬೈಟ್. ಪೂರ್ತಿ ತುಂಬಿದ ಒಂದೇ ಲೇಯರ್ (ಪದರ) 110 ಎಂಬಿ ದಾಟುತ್ತದೆ. ಬ್ಯಾಕ್‌ಗ್ರೌಂಡು, ಆರೇಳು ಫೋಟೋ, ಹೂವಿನ ಅಂಚು, ಹೆಸರು, ನೆರಳು ಅಂತ ಸೇರಿಸುತ್ತಾ ಹೋಗಿ, 8 ಜಿಬಿ ರ‍್ಯಾಮ್ ಅಲ್ಲೇ ಏದುಸಿರು ಬಿಡುತ್ತದೆ. ರ‍್ಯಾಮ್ ತುಂಬಿದರೆ ಫೋಟೋಶಾಪ್ ಡಿಸ್ಕನ್ನು ಬಳಸಲು ಶುರು ಮಾಡುತ್ತದೆ. ಅಲ್ಲಿ ಹಳೇ ಹಾರ್ಡ್ ಡಿಸ್ಕ್ ಇದ್ದರಂತೂ ಸೇವ್ ಕೊಟ್ಟು ಟೀ ಕುಡಿದು ಬರಬಹುದು. 16 ಜಿಬಿ ಇರಲೇಬೇಕು, ಜೊತೆಗೆ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್. ಮುಗಿದ ಕೆಲಸ ಇಟ್ಟುಕೊಳ್ಳುವುದಕ್ಕೆ ಹಾರ್ಡ್ ಡಿಸ್ಕ್ ಸಾಕು, ಆದರೆ ಎರಡು ಕಾಪಿ ಇರಲಿ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಹೀಗಿರುವಾಗ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸಿಗುವ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್‌ಗಳು ಇನ್ನೂ ಒಳ್ಳೆಯ ಲೆಕ್ಕ. ಕಂಪನಿಗಳು ಕೆಲವು ವರ್ಷ ಬಳಸಿ ಮಾರಿದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಇವೆಲ್ಲ. ದಿನವಿಡೀ ಓಡಲೆಂದೇ ಮಾಡಿದ ಮಷೀನುಗಳು. ಆದರೆ ತೀರಾ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಇಂಟೆಲ್ ಪ್ರೊಸೆಸರ್ ಎಷ್ಟನೇ ಜನರೇಶನ್ ಅಂತ ಕೇಳಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಸರಿಯಾಗಿ ಬೇಕು ಅಂದರೆ ಇಂಟೆಲ್‌ನಲ್ಲಿ 8ನೇ ಜನರೇಶನ್ನಿಂದ ಮೇಲಿರಬೇಕು. 6ನೇದು, 7ನೇದು ರಾಶಿ ರಾಶಿ ಬರುತ್ತಿರುವುದು ಅದಕ್ಕೇ. ಇನ್ನೊಂದು, ತೆಳ್ಳಗಿನ ಬಾಕ್ಸ್ ನೋಡಲು ಚೆಂದ, ಆದರೆ ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂದರೆ ಗಿಡ್ಡ ಕಾರ್ಡ್ ಮಾತ್ರ ಹಿಡಿಯುತ್ತದೆ, ಪವರ್ ಸಪ್ಲೈ ಕೂಡ ಸಾಲುವುದಿಲ್ಲ. ದೊಡ್ಡ ಟವರ್ ಕೇಳಿ. ಯುಪಿಎಸ್ ದುಡ್ಡೂ ಲೆಕ್ಕದಲ್ಲಿರಲಿ, ನಮ್ಮೂರ ಕರೆಂಟ್ ವಿಷಯ ನಿಮಗೂ ಗೊತ್ತಲ್ವಾ.

ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ ಅಂತಲ್ಲ. ಕತ್ತಲೆಯ ಕಲ್ಯಾಣ ಮಂಟಪದಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ ತೆಗೆದ ಫೋಟೋಗಳಿಗೆ ಲೈಟ್‌ರೂಮ್‌ನಲ್ಲಿ ಎಐ ಡಿನಾಯ್ಸ್ ಕೊಟ್ಟು ಕಾಳು ಕಾಳಾದ ಚುಕ್ಕೆ ತೆಗೆಯುವವರಿಗೆ ಅದು ಬೇಕು. ಇಲ್ಲದಿದ್ದರೆ ಒಂದೊಂದು ಫೋಟೋಗೆ ನಿಮಿಷಗಟ್ಟಲೆ ಕಾಯಬೇಕು. ವಿಡಿಯೋ ಮಾಡುವವರಿಗೂ ಬೇಕು. ಬಣ್ಣ ಸರಿಮಾಡಿ, ಮುಖ ತಿದ್ದಿ, ಶೀಟ್ ಕೂರಿಸುವವರಿಗೆ ಆಮೇಲೆ ನೋಡಿಕೊಂಡರಾಯಿತು.

ಹೊಸದೇ ಬೇಕು ಅನ್ನುವವರಿಗೆ ಆಪಲ್‌ನ ಮ್ಯಾಕ್ ಮಿನಿ ಒಂದು ದಾರಿ. ಆಪಲ್ ಅಂದ ಕೂಡಲೇ ದುಬಾರಿ ಅಂತ ಹೆದರುತ್ತಾರೆ. 2024ರ ಕೊನೆಯಲ್ಲಿ ಬಂದ ಎಂ4 ಚಿಪ್ಪಿನ ಮಿನಿ 16 ಜಿಬಿ ಮೆಮೊರಿಯೊಂದಿಗೆ 59,900 ರೂಪಾಯಿಗೆ ಶುರುವಾಗಿತ್ತು. ಮಾನಿಟರ್, ಕೀಬೋರ್ಡ್, ಮೌಸ್ ಬೇರೆ. ಮೆಮೊರಿ ಆಮೇಲೆ ಹೆಚ್ಚಿಸಲು ಬರುವುದಿಲ್ಲ, 256 ಜಿಬಿ ಜಾಗ ಎರಡು ಮದುವೆಗೆ ತುಂಬುತ್ತದೆ, ಹೊರಗಿನ ಡ್ರೈವ್ ಬೇಕೇ ಬೇಕು.

ಸಂಜೆ ರಿಸೆಪ್ಶನ್‌ನಲ್ಲೇ ಫೋಟೋ ತೋರಿಸಬೇಕು, ಲ್ಯಾಪ್‌ಟಾಪ್ ಇಲ್ಲದೆ ಆಗದು ಅನ್ನುವವರೂ ಇದ್ದಾರೆ. ತಗೊಳ್ಳಿ, ಆದರೆ ‘100% ಎಸ್‌ಆರ್‌ಜಿಬಿ’ ಅಂತ ಬರವಣಿಗೆಯಲ್ಲಿ ಇರುವುದನ್ನೇ ತಗೊಳ್ಳಿ. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ ಅಂತಲೂ ಕೇಳಿ, ಬೆಸುಗೆ ಹಾಕಿದ್ದನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ.

ಫೋಟೋಶಾಪ್ ಬಾಡಿಗೆಯ ಮಾತು ಬೇರೆ. ಜಿಂಪ್, ಡಾರ್ಕ್‌ಟೇಬಲ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ಗಳು ಉಚಿತ, 2025ರಲ್ಲಿ ಬಂದ ಜಿಂಪ್ 3.0 ಸಾಕಷ್ಟು ಸುಧಾರಿಸಿದೆ. ಆದರೆ ಪೇಟೆಯಲ್ಲಿ ಸಿಗುವ ಆಲ್ಬಮ್ ಡಿಸೈನ್‌ಗಳೆಲ್ಲ ಫೋಟೋಶಾಪ್‌ನ ಪಿಎಸ್‌ಡಿ ಫೈಲಿನಲ್ಲೇ ಬರುವುದರಿಂದ ನಮ್ಮವರು ಅತ್ತ ಹೋಗುವುದು ಕಮ್ಮಿ. ಇದರ ನಡುವೆ, ಫೋಟೋಶಾಪ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಬಂದರೆ ‘ಸಿಸ್ಟಮ್ ಹಳೇದಾಯ್ತು, ಬದಲಾಯಿಸಿ’ ಅನ್ನುವ ಮಹಾನುಭಾವರೂ ಇದ್ದಾರೆ. ಫೋಟೋಶಾಪ್‌ನ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಿದರೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ, ಒಂದು ರೂಪಾಯಿ ಖರ್ಚಿಲ್ಲ.

ಜಾಹೀರಾತು ಕೊಡುವವರಿಗೆ ನೀವು ಷರತ್ತು ಹಾಕಲು ಆಗದಿರಬಹುದು. ಆದರೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಲ್ಯಾಪ್‌ಟಾಪ್ ಬಗ್ಗೆ ಬರೆಯುವಾಗ ಪ್ಯಾನೆಲ್ ಯಾವುದು, ಎಸ್‌ಆರ್‌ಜಿಬಿ ಎಷ್ಟು, ರ‍್ಯಾಮ್ ಹೆಚ್ಚಿಸಬಹುದಾ, ಇವಿಷ್ಟನ್ನು ಒಂದು ಸಾಲಿನಲ್ಲಿ ಹಾಕಬಹುದಲ್ಲ? ಕಂಪನಿಯವರು ಆ ಅಂಕಿ ಕೊಡದಿದ್ದರೆ ‘ಕೊಟ್ಟಿಲ್ಲ’ ಅಂತಲೇ ಬರೆಯಿರಿ.

– ಸ್ಟುಡಿಯೋ ಮಾಲೀಕ, ತಿಪಟೂರು