ವೈರ್ ಎಳೆಯದ ಮ್ಯಾಗ್ನೆಟೊ

ಚಿ. ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಪ್ಪ ಹೇಳಿರುತ್ತಾನೆ, ಮತ್ತೆ ಬರೆಯುವುದಿಲ್ಲ. ಶೆಡ್ಡಿನಲ್ಲಿ ಸ್ಟ್ಯಾಂಡ್ ಮೇಲೆ ಕೂರಿಸಿರುವ ವಿಮಾನದ ಇಂಜಿನ್ ಬಗ್ಗೆ ನೀನು ಬರೆದ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆಯಲ್ಲ, 'ಸ್ವಿಚ್‌ಗೆ ಇನ್ನೂ ವೈರ್ ಎಳೆದಿಲ್ಲ, ಹಾಗಾಗಿ ಭಯ ಇಲ್ಲ, ಭಾನುವಾರ ಒಬ್ಬನೇ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ ನೋಡ್ತೀನಿ' ಅಂತ. ಅದನ್ನು ಓದಿದಾಗಿನಿಂದ ಮನಸ್ಸು ಸರಿಯಿಲ್ಲ.

ವೈರ್ ಇಲ್ಲ ಅಂದರೆ, ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ಆನ್ ಇದೆ ಮಾರಾಯ! ಮನೆ ಲೈಟಿನ ಲೆಕ್ಕ ಇಲ್ಲಿ ಪೂರ್ತಿ ಉಲ್ಟಾ. ಅದಕ್ಕೆ ಬ್ಯಾಟರಿ ಬೇಡ. ಒಳಗಿನ ಅಯಸ್ಕಾಂತ ತಿರುಗಿದರೆ ಸಾಕು, ತಾನೇ ಕರೆಂಟ್ ಹುಟ್ಟಿಸುತ್ತದೆ. ಸ್ವಿಚ್ ಆಫ್ ಮಾಡುವುದು ಅಂದರೆ ಆ ಕರೆಂಟನ್ನು ವೈರ್ ಮೂಲಕ ಇಂಜಿನ್ನಿನ ಮೈಗೆ ಇಳಿಸುವುದು. ವೈರೇ ಇಲ್ಲದಿದ್ದರೆ ಅದು ಎಲ್ಲಿಗೆ ಇಳಿಯಬೇಕು? ನೇರ ಪ್ಲಗ್‌ಗೆ ಹೋಗುತ್ತದೆ. ಇಂಪಲ್ಸ್ ಕಪ್ಲಿಂಗ್ ಅನ್ನುವ ಸ್ಪ್ರಿಂಗ್ ಜೋಡಣೆ ಬೇರೆ ಇರುತ್ತದೆ. ನೀನು ಎಷ್ಟೇ ನಿಧಾನ ತಿರುಗಿಸಿದರೂ ಟಕ್ ಅಂತ ಬಿಟ್ಟು ಜೋರು ಕಿಡಿ ಕೊಡುವುದೇ ಅದರ ಕೆಲಸ. ಸಿಲಿಂಡರಿನಲ್ಲಿ ಒಂಚೂರು ಪೆಟ್ರೋಲ್ ಆವಿ ಉಳಿದಿದ್ದರೆ ಮುಗಿಯಿತು, ಅದು ಹೊತ್ತಿ ಪ್ರೊಪೆಲ್ಲರ್ ಬ್ಲೇಡ್ ಕೈಗೆ ಬಡಿಯುತ್ತದೆ.

ನಾನು ಇಂಜಿನ್ ಶಾಪಿಗೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ಬಲಗೈಯಲ್ಲಿ ಎರಡು ಬೆರಳಿಲ್ಲ. ಬ್ಲೇಡ್ ಮುಟ್ಟುವಾಗ ಅಂಗೈ ಚಪ್ಪಟೆ ಇಟ್ಟು ತಳ್ಳುತ್ತಿದ್ದರು, ಅಂಚಿನ ಆಚೆ ಬೆರಳು ಮಡಚುತ್ತಲೇ ಇರಲಿಲ್ಲ. ಒಂದು ಕಾಲು ಯಾವಾಗಲೂ ಹಿಂದೆ, ಮೈ ಹಿಂದಕ್ಕೇ ವಾಲಿರುತ್ತಿತ್ತು. ನಾವು ಹುಡುಗರು ಮರೆಯಲ್ಲಿ ಅವರ ನಡೆಯನ್ನು ಅಣಕಿಸಿ ನಗುತ್ತಿದ್ದೆವು. ಬೆರಳು ಹೇಗೆ ಹೋಯಿತು ಅಂತ ನಾನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಈಗ ಅವರಿಲ್ಲ.

ಇಂಜಿನ್ ಕೆಟ್ಟರೆ ನನಗೆ ಚಿಂತೆ ಇಲ್ಲ ಕಣೋ. ವಿಮಾನ ಹಾರಿಸಿದ ರೈಟ್ ಸಹೋದರರಿಗೆ ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಕಟ್ಟಿಕೊಟ್ಟ ಇಂಜಿನ್ 1903ರ ಫೆಬ್ರವರಿಯಲ್ಲಿ ಪರೀಕ್ಷೆ ಮಾಡುವಾಗಲೇ ಒಡೆದುಹೋಯಿತು. ಅದರ ಹೊರಗೂಡನ್ನು, ಅಂದರೆ ಕ್ರಾಂಕ್‌ಕೇಸನ್ನು, ಮತ್ತೆ ಎರಕ ಹೊಯ್ಯಿಸಿದರು. ಅದೇ ವರ್ಷ ಡಿಸೆಂಬರ್ 17ಕ್ಕೆ ಹಾರಿಯೂ ಬಿಟ್ಟರು. ನನಗಿರುವ ಚಿಂತೆ ನಿನ್ನ ಕೈಯದು, ಅದೂ ನೀನು ಶೆಡ್ಡಿನಲ್ಲಿ ಒಬ್ಬನೇ ಇರುವಾಗ.

ಈಗಿನ ಇಂಜಿನ್ ಕೆಲಸ ನಿನಗೇ ಜಾಸ್ತಿ ಗೊತ್ತು, ಆದರೂ ಹೇಳಿಬಿಡುತ್ತೇನೆ. ಮೊದಲು ಪ್ರತಿ ಸಿಲಿಂಡರಿನ ಎರಡು ಪ್ಲಗ್‌ಗಳಲ್ಲಿ ಒಂದೊಂದನ್ನು ಬಿಚ್ಚಿಡು, ಉಳಿದವುಗಳ ವೈರ್ ಕಳಚು. ಆಗ ಬೇಕಾದಷ್ಟು ತಿರುಗಿಸು. ಆಮೇಲೆ ಸ್ವಿಚ್‌ನಿಂದ ವೈರ್ ಎಳೆದು, ಮ್ಯಾಗ್ನೆಟೊ ಕಡೆಯ ತುದಿ ಸಿಗಿಸುವ ಮೊದಲು ಮೀಟರ್ ಹಿಡಿ. ಆಫ್‌ನಲ್ಲಿ ಆ ತುದಿಗೂ ಇಂಜಿನ್ನಿನ ಮೈಗೂ ಸಂಪರ್ಕ ಇರಬೇಕು, ಆನ್‌ನಲ್ಲಿ ಇರಬಾರದು. ಸರಿ ಇದ್ದರೂ ಆ ಬ್ಲೇಡನ್ನು ನಂಬಬೇಡ. ವೈರ್ ಒಳಗೆ ತುಂಡಾಗಿದ್ದರೆ ಹೊರಗೆ ಗೊತ್ತೇ ಆಗುವುದಿಲ್ಲ.

ಪ್ಲಗ್ ಬಿಚ್ಚಿರುವಾಗಲೇ ಸ್ಟಾರ್ಟರ್‌ನಲ್ಲಿ ತಿರುಗಿಸಿ ಆಯಿಲ್ ಪ್ರೆಷರ್ ಬರಿಸು. ಪ್ಲಗ್ ಹಾಕಿ ಇಂಜಿನ್ ಸ್ಟಾರ್ಟ್ ಆದ ಮೇಲೆ 30 ಸೆಕೆಂಡಿನೊಳಗೆ ಪ್ರೆಷರ್ ತೋರಿಸದಿದ್ದರೆ ನಿಲ್ಲಿಸಿಬಿಡು. ಹೊಸದು, ಪಳಗಲಿ ಅಂತ ಸುಮ್ನೆ ಐಡಲ್‌ನಲ್ಲಿ ಗಂಟೆಗಟ್ಟಲೆ ಓಡಿಸಬೇಡ. ಪಿಸ್ಟನ್ ರಿಂಗ್ ಸಿಲಿಂಡರಿಗೆ ಹೊಂದಿ ಕೂರುವುದಿಲ್ಲ, ಸಿಲಿಂಡರ್ ಗೋಡೆ ನುಣುಪಾಗಿಬಿಡುತ್ತದೆ. ಪ್ರೊಪೆಲ್ಲರ್ ಇಲ್ಲದೆ ಓಡಿಸುವ ಯೋಚನೆಯೂ ಬೇಡ, ಭಾರವಿಲ್ಲದೆ ಇಂಜಿನ್ ಮಿತಿ ಮೀರಿ ಓಡುತ್ತದೆ. ಸ್ಟ್ಯಾಂಡ್ ನೆಲಕ್ಕೆ ಗಟ್ಟಿಯಾಗಿ ಬಿಗಿದಿರಲಿ, ಅದು ಎಳೆಯುವ ಎಳೆತ ಸಣ್ಣದಲ್ಲ.

ಇನ್ನೊಂದು ಮರೆತೆ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಲ್ಲಬೇಕು, ಪ್ರೊಪೆಲ್ಲರ್ ಸುತ್ತುವ ನೇರಕ್ಕೆ ಮಾತ್ರ ನಿಲ್ಲಬಾರದು. ನಿಲ್ಲಿಸುವ ಮೊದಲು ಐಡಲ್‌ನಲ್ಲಿ ಒಂದು ಕ್ಷಣ ಸ್ವಿಚ್ ಆಫ್ ಮಾಡಿ ನೋಡು. ಇಂಜಿನ್ ಸಾಯಲು ಹೊರಟರೆ ಅರ್ತಿಂಗ್ ಸರಿ ಇದೆ. ಸದ್ದು ಹಾಗೇ ಇದ್ದರೆ ಸ್ವಿಚ್ ಕೈಕೊಟ್ಟಿದೆ. ಕೊನೆಗೆ ನಿಲ್ಲಿಸುವುದು ಪೆಟ್ರೋಲ್ ಕಡಿಯುವ ಮಿಕ್ಸ್ಚರ್ ಹಿಡಿ ಎಳೆದು, ಒಳಗಿನ ಪೆಟ್ರೋಲ್ ಮುಗಿಯುವ ಹಾಗೆ. ನೋಡು, ಎಲ್ಲಿ ಹೋದರೂ ಆ ವೈರ್‌ಗೇ ಬಂದು ನಿಲ್ಲುತ್ತೇನೆ. ವಯಸ್ಸಾಯಿತು, ಬೇಜಾರು ಮಾಡಿಕೊಳ್ಳಬೇಡ.

ಭಾನುವಾರ ಬೇಡ. ಮೀಟರ್ ಏನು ತೋರಿಸಿತು ಅಂತ ಫೋನ್ ಮಾಡು, ಇಂಜಿನ್ನಿನ ಎರಡೂ ಮ್ಯಾಗ್ನೆಟೊದ್ದು ಬೇರೆ ಬೇರೆ ಹೇಳು. ಆಮೇಲೆ ದಿನ ಗೊತ್ತು ಮಾಡೋಣ, ಬೆಂಕಿ ಸಿಲಿಂಡರ್ ಹಿಡಿದು ನಿಲ್ಲಲು ನಾನೇ ಬರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ