ಬಾಯಿಗೆ ಬೇಗ ಹತ್ತುವ ಹಾಡಿಗೆ ನಾಚಬೇಡ

ದಾವಣಗೆರೆ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳುಹಿಸಿದ, ಅಮೆರಿಕದ ವೀಜರ್ ಎಂಬ ರಾಕ್ ತಂಡದ ಮೊದಲ ಆಲ್ಬಂ ಕೇಳಿದೆ. ಅದರ ಜೊತೆಗೆ ನೀನು ಬರೆದ ಮಾತು ಮಾತ್ರ ಮನಸ್ಸಿಗೆ ಹಿಡಿಸಲಿಲ್ಲ. ಇದು ಹಗುರ ಸಂಗೀತ, ಬರೀ ಗುನುಗುವುದಕ್ಕೆ ಸರಿ ಎಂದು ಹಾಸ್ಟೆಲಿನ ಗೆಳೆಯರು ಹೇಳಿದರಂತೆ. ಅಂದಿನಿಂದ ಯಾರಿಗೂ ತಿಳಿಯದಂತೆ ಕೇಳುತ್ತಿದ್ದೀಯಂತೆ. ಇಷ್ಟವಾದ ಹಾಡನ್ನು ಕದ್ದು ಕೇಳುವ ಗತಿ ನಿನಗೇಕೆ ಬಂತು?

ದುಗ್ಗಮ್ಮನ ಜಾತ್ರೆಗೆ ಕ್ಯಾಂಪ್ ಹಾಕುತ್ತಿದ್ದ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿದವನು ನಾನು. ಚಿಂದೋಡಿ ಲೀಲಾ ಅವರಂತಹ ಕಲಾವಿದೆಯ ಊರು ಇದು. ಇಲ್ಲಿನ ಪ್ರೇಕ್ಷಕರಿಗೆ ಹಾಡು ಹಿಡಿಸಿದರೆ 'ಒನ್ಸ್ ಮೋರ್' ಎಂದು ಕೂಗಿ ನಾಟಕವನ್ನೇ ನಿಲ್ಲಿಸುತ್ತಿದ್ದರು. ಹಿಡಿಸದಿದ್ದರೆ ಎದ್ದು ಮಂಡಕ್ಕಿ ಮಿರ್ಚಿ ತಿನ್ನಲು ಹೋಗುತ್ತಿದ್ದರು. ಒಮ್ಮೆ ಕೇಳಿದ ಮಟ್ಟು ಜನರ ನಾಲಿಗೆಯ ಮೇಲೆ ಮನೆಯವರೆಗೂ ಹೋಗಬೇಕೆಂದು ಮಾಸ್ತರರು ಒಂದು ಪಲ್ಲವಿಯನ್ನು ಬೆಳಗಿನ ಜಾವದವರೆಗೆ ತಿದ್ದುತ್ತಿದ್ದುದನ್ನು ನಾನು ಪಕ್ಕದಲ್ಲೇ ಕುಳಿತು ಕಂಡಿದ್ದೇನೆ. ಸುಲಭವಾಗಿ ಕೇಳಿಸುವುದೆಲ್ಲ ಸುಲಭವಾಗಿ ಹುಟ್ಟಿದ್ದೆಂದು ನಿನ್ನ ಗೆಳೆಯರು ತಿಳಿದಿದ್ದರೆ, ಅವರು ಯಾರೂ ಹಾಡು ಕಟ್ಟಿ ನೋಡಿದವರಲ್ಲ.

ವೀಜರ್ ತಂಡದ ಹುಡುಗರೂ ಹಾಗೆಯೇ ದುಡಿದವರು. 1993ರಲ್ಲಿ ನ್ಯೂಯಾರ್ಕಿನಲ್ಲಿ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಟ್ಟಿಸಿದ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ಅದಕ್ಕೆ ಮೊದಲು, ವಾದ್ಯಗಳಿಲ್ಲದೆ ನಾಲ್ಕು ಕಂಠಗಳನ್ನು ಹೊಂದಿಸಿ ಹಾಡುವ ಅಮೆರಿಕದ ಹಳೆಯ ಪದ್ಧತಿಯ ಹಾಡುಗಳನ್ನು ಅಭ್ಯಾಸ ಮಾಡಿದ್ದರು. ಎರಡು ಕಟ್ಟುಪಾಡುಗಳನ್ನೂ ಹಾಕಿಕೊಂಡಿದ್ದರು. ರಿವರ್ಬ್, ಅಂದರೆ ಯಂತ್ರದಿಂದ ಸೇರಿಸುವ ಮಾರ್ದನಿ, ಬಳಸಿ ಧ್ವನಿಯನ್ನು ಹಿಗ್ಗಿಸಬಾರದು. ಗಿಟಾರಿನ ತಂತಿಯನ್ನು ಕೆಳಮುಖವಾಗಿಯೇ ಮೀಟಬೇಕು. ರಿವರ್ಬ್ ಇಲ್ಲದಿದ್ದರೆ ಸ್ವಲ್ಪ ತಪ್ಪಿದರೂ ಮರೆಮಾಚಲಾಗದು. ನೀನು ಗಿಟಾರ್ ಹಿಡಿದವನು. ಅವರ ಒಂದು ಹಾಡನ್ನು ಹಾಗೆಯೇ ಪೂರ್ತಿ ನುಡಿಸಿ ನೋಡು. ಮಣಿಕಟ್ಟು ಸೋತಾಗ ಈ ಹಗುರ ಸಂಗೀತದ ಭಾರ ತಿಳಿಯುತ್ತದೆ.

ಇನ್ನೊಂದು ಸಂಗತಿ ನಿನಗೆ ಗೊತ್ತಿರಲೇಬೇಕು. ಇಡೀ ಆಲ್ಬಂನಲ್ಲಿ ಎಲ್ಲರ ಬಾಯಿಗೂ ಬೇಗ ಹತ್ತುವ ನಾಲ್ಕನೆಯ ಹಾಡನ್ನು ತಂಡದ ಗಾಯಕ ರಿವರ್ಸ್ ಕ್ವೋಮೊ ತಾನೇ ಬರೆದಿದ್ದರೂ ಕೈಬಿಡಬೇಕೆಂದಿದ್ದ. ಅದು ತೀರಾ ಜನರಂಜನೆಯದಾಯಿತೆಂಬ ಅಳುಕು ಅವನದು, ಈಗ ನಿನ್ನದು. ನಿರ್ಮಾಪಕ ರಿಕ್ ಒಕಾಸೆಕ್ ಒತ್ತಾಯಿಸಿ ಅದನ್ನು ಉಳಿಸಿದ. ಆತ 'ದಿ ಕಾರ್ಸ್' ತಂಡದಲ್ಲಿ ತಾನೇ ಹಾಡಿ ಪಳಗಿದವನು, ಮಟ್ಟಿನ ಬೆಲೆ ಬಲ್ಲವನು. ನಿನಗೂ ಅಂಥ ಒಬ್ಬರು ಹತ್ತಿರದಲ್ಲಿರಲಿ ಎಂಬುದು ನನ್ನ ಆಸೆ. ಹಾಸ್ಟೆಲಿನಲ್ಲಿ ಸಿಗದಿದ್ದರೆ ನಾನಿದ್ದೇನೆ.

ಆಲ್ಬಂ ಬಂದದ್ದು 1994ರ ಮೇ ತಿಂಗಳಲ್ಲಿ. ಹತ್ತು ಹಾಡು, ಸುಮಾರು ನಲವತ್ತೊಂದು ನಿಮಿಷ. ಮೊಬೈಲಿನಲ್ಲಿ ಒಂದೊಂದನ್ನೇ ಹೆಕ್ಕಿ ಕೇಳುವ ಅಭ್ಯಾಸವನ್ನು ಇದಕ್ಕಾದರೂ ಬಿಡು, ಅವರು ಜೋಡಿಸಿದ ಕ್ರಮದಲ್ಲೇ ಕೇಳು. ಮೊದಲ ಹಾಡು ಬೆರಳಿನಿಂದ ಬಿಡಿಸಿದ ಗಿಟಾರಿನಿಂದ ಶುರುವಾಗಿ ಆರರ ನಡೆಯಲ್ಲಿ ಸಾಗುತ್ತದೆ. ನನ್ನ ಕಾಲು ತಾನಾಗಿಯೇ ದಾದ್ರಾ ತಾಳ ಹಾಕತೊಡಗಿತು! ಏಳನೆಯದಕ್ಕೆ ಬಂದಾಗ ಮಾತಿಗೆ ಕಿವಿಗೊಡು. ಫ್ರಿಜ್ಜಿನಲ್ಲಿ ಬಿಯರ್ ಬಾಟಲಿ ಕಂಡ ಹುಡುಗನೊಬ್ಬ, ಹೆತ್ತ ತಂದೆಯಂತೆ ಮಲತಂದೆಯೂ ಕುಡಿದು ಮನೆ ಬಿಟ್ಟು ಹೋಗುವನೇನೋ ಎಂದು ಹೆದರಿದ ನೆನಪು ಅದರಲ್ಲಿದೆ. ಕ್ವೋಮೊನ ಬಾಲ್ಯದ್ದೇ ಅದು. ಆ ನೋವನ್ನು ಅವನು ಸಾವಿರಾರು ಜನ ಜೊತೆಗೂಡಿ ಹಾಡಬಲ್ಲ ಪಲ್ಲವಿಯಾಗಿ ಮಾಡಿದ್ದಾನೆ. ಅಲ್ಲಿ ಆಳವಿಲ್ಲ ಎನ್ನುವವರು ಮಾತನ್ನು ಕೇಳಿಸಿಕೊಂಡೇ ಇಲ್ಲ.

ಕೊನೆಯ ಹಾಡು ಎಂಟು ನಿಮಿಷದಷ್ಟಿದೆ. ಅದರಲ್ಲಿ ಬಾಸ್ ಗಿಟಾರನ್ನು ಮಾತ್ರ ಹಿಂಬಾಲಿಸು. ಮೇಲೇರುವ ಕೆಲವೇ ಸ್ವರಗಳು ಮತ್ತೆ ಮತ್ತೆ ಬರುತ್ತವೆ. ಹಾಡಿನ ಮಾತು ಮುಗಿದ ಮೇಲೂ ಗಿಟಾರುಗಳು ಅದರ ಮೇಲೆ ಮೆಲ್ಲಗೆ ಸೇರುತ್ತಾ, ಏರುತ್ತಾ ಹೋಗಿ ಒಮ್ಮೆಲೇ ಭೋರ್ಗರೆಯುತ್ತವೆ. ತಂಡ ಕಟ್ಟುವ ಆಸೆ ನಿನಗಿದೆಯಲ್ಲ, ಒಬ್ಬ ಅಚಲವಾಗಿ ನಿಂತರೆ ಉಳಿದವರು ಎಷ್ಟು ದೂರ ಹೋಗಬಹುದೆಂದು ಇಲ್ಲಿ ಕಲಿ.

ಗೆಳೆಯರೊಡನೆ ವಾದಕ್ಕೆ ನಿಲ್ಲಬೇಡ. ಅವರು ಕೊಡುವ ಕಠಿಣ ಸಂಗೀತವನ್ನೂ ಮನಸ್ಸಿಟ್ಟು ಕೇಳು, ಅದರಲ್ಲೂ ಒಳ್ಳೆಯದಿರುತ್ತದೆ. ಆದರೆ ಇದು ನನಗೆ ಇಷ್ಟ ಎಂದು ಅವರ ಎದುರೇ ಹೇಳು, ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಹಾಕು.

ರಜೆಗೆ ಬರುವಾಗ ಗಿಟಾರ್ ಮರೆಯಬೇಡ. ಏಳನೆಯ ಹಾಡಿನ ಸ್ವರಗಳನ್ನು ನಾನು ಹಾರ್ಮೋನಿಯಂ ಮೇಲೆ ಹುಡುಕುತ್ತಿದ್ದೇನೆ, ಪಲ್ಲವಿ ಕೂತಿದೆ. ನಡುವಿನ ಗಿಟಾರಿನ ಭಾಗ ಕೈಗೆ ಸಿಗುತ್ತಿಲ್ಲ, ಅದನ್ನು ನೀನೇ ತೋರಿಸಿಕೊಡಬೇಕು.

ಇಂತಿ ನಿನ್ನ ಪ್ರೀತಿಯ
ಮಾವ