ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಅಣ್ಣನಿಗೆ

ನಿಮ್ಮ ಹೆಸರನ್ನೂ ಕೇಳಲಿಲ್ಲ, ತಪ್ಪು ನಮ್ಮದೇ. ಬೆಂಗಳೂರಿನ ವರ್ಕ್‌ಶಾಪ್‌ನಲ್ಲಿ ಹೋದ ಶನಿವಾರ ಕರ್ನಾಟಕದ ನಕಾಶೆಯನ್ನು ಮರದಲ್ಲಿ ಜೋಡಿಸುತ್ತಿದ್ದ ಗುಂಪು ನಮ್ಮದು. 31 ಜಿಲ್ಲೆ, ಮನೆಗೊಂದು. ಹಲಸು, ತೇಗ, ಬೀಟೆ, ಯಾರಿಗೆ ಯಾವುದು ಸಿಕ್ಕಿತೋ ಅದು. ಲೇಸರ್‌ನಿಂದ ಮರ ಕತ್ತರಿಸುವ ಯಂತ್ರದಿಂದ ಬಂದ ತುಂಡುಗಳು ಪರದೆಯ ಮೇಲೆ ಅಚ್ಚುಕಟ್ಟು, ಮೇಜಿನ ಮೇಲೆ ಲೊಡಲೊಡ. ಹಾಸನಕ್ಕೂ ಚಿಕ್ಕಮಗಳೂರಿಗೂ ನಡುವೆ ಬೆಳಕು ಕಾಣುತ್ತಿತ್ತು!

ನೀವು ಕಂಪ್ಯೂಟರ್ ಮುಟ್ಟಲೇ ಇಲ್ಲ. ಚೂರು ಹಲಗೆಯಲ್ಲಿ ಹತ್ತು ಚೌಕ ಕತ್ತರಿಸಿ, ಒತ್ತಿ ಜೋಡಿಸಿ, ಅಳೆಯಲು ಕ್ಯಾಲಿಪರ್ ಹಿಡಿದಿರಿ. ಒಟ್ಟು 2 ಮಿಲಿಮೀಟರ್ ಕಡಿಮೆ. "ಗರಗಸ ಪುಡಿ ಮಾಡುತ್ತೆ, ಇದು ಹೊಗೆ ಮಾಡುತ್ತೆ, ಅಷ್ಟೇ ಕಣಮ್ಮ. ಗೆರೆಗೆ 0.2 ಮಿಲಿಮೀಟರ್ ಸುಡುತ್ತೆ. ನಕ್ಷೆಯಲ್ಲಿ ಪ್ರತಿ ತುಂಡಿನ ಅಂಚನ್ನ 0.1 ಹೊರಗೆ ತಳ್ಳಿ" ಅಂದಿರಿ. ತಳ್ಳಿದೆವು. ಎರಡನೇ ಸಲ ತುಂಡುಗಳು ಬೆರಳೊತ್ತಿಗೆ ಕೂತವು.

ಮೇಲ್ಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿ ಕತ್ತರಿಸಿದರೆ ಹೊಗೆಕಲೆ ಹತ್ತುವುದಿಲ್ಲ ಎಂದದ್ದೂ ನೀವೇ. ಬೀಟೆಯ ಪುಡಿ ಹಲಸಿನ ಹಳದಿಯನ್ನು ಕೆಡಿಸುತ್ತದೆ, ಎರಡನ್ನೂ ಬೇರೆಬೇರೆ ಉಜ್ಜಿ ಎಂದಿರಿ. ಆ ಮಾತು ಕೇಳದ ನನ್ನ ಯಾದಗಿರಿ ಈಗಲೂ ಮಸುಕಾಗಿದೆ.

ಚಹಾ ತರುವಷ್ಟರಲ್ಲಿ ಹೊರಟುಬಿಟ್ಟಿರಿ. ತುಂಬಾ ಧನ್ಯವಾದ ಅಣ್ಣ. ನಿಮ್ಮ ಪೆನ್ಸಿಲ್ ನಮ್ಮ ಹತ್ತಿರವೇ ಉಳಿದಿದೆ.